ಡೈ ಕಾಯಬೇಕು

ಕಾಕಾ ಕೆಲಸ ಬಿಡುವುದಕ್ಕೆ ಒಂದು ತಿಂಗಳು ಉಳಿದಿದ್ದಾಗ, ಅವರ ತಲೆಯಲ್ಲಿರುವುದನ್ನೆಲ್ಲ ಬರೆಸಿಕೊಳ್ಳಬೇಕು ಎಂದು ನಮ್ಮ ಮಾಲೀಕರು ತೀರ್ಮಾನಿಸಿದರು. ಆ ಕೆಲಸ ನನಗೇ ಬರುತ್ತದೆ ಎಂದುಕೊಂಡು ನಾನು ಹಿಂದಿನ ದಿನವೇ ಇನ್ನೂರು ಪುಟದ ನೋಟ್‌ಬುಕ್ ಕೊಂಡು ಪುಟಗಳಿಗೆ ಸಂಖ್ಯೆ ಹಾಕಿಟ್ಟಿದ್ದೆ. ಕೆಲಸ ಹೋದದ್ದು ಆಫೀಸಿಗೆ ಹೊಸದಾಗಿ ಬಂದಿದ್ದ ಹುಡುಗಿಗೆ.

ನಮ್ಮದು ತೆಲುಗು ಸೀಮೆಯ ನಾಚಾರಂನಲ್ಲಿ ರಬ್ಬರ್ ವಾಷರ್, ಗ್ಯಾಸ್ಕೆಟ್ ಮಾಡುವ ಸಣ್ಣ ಕಾರ್ಖಾನೆ. ರಬ್ಬರನ್ನು ಬಿಸಿಯಲ್ಲಿ ಒತ್ತುವ ಒಟ್ಟು ಆರು ಪ್ರೆಸ್‌ಗಳು. ಕಾಕಾ ಅಲ್ಲಿಯ ಸೂಪರ್‌ವೈಸರ್. ನನಗೆ ಸಂಬಂಧಿಕರೇನಲ್ಲ, ಬೀದರ್ ಕಡೆಯವರು, ನಮ್ಮ ಮನೆಯವರದು ಕಲಬುರಗಿ, ಇಡೀ ಕಾರ್ಖಾನೆಯಲ್ಲಿ ಕನ್ನಡದವರು ನಾವಿಬ್ಬರೇ. ನಾನು ದಾಖಲೆಗಳನ್ನು ನೋಡಿಕೊಳ್ಳುತ್ತೇನೆ. ಸೇರಿದ ವಾರದಿಂದಲೇ ಮಧ್ಯಾಹ್ನದ ಚಹಾದ ಹೊತ್ತಿಗೆ ಅವರು ಹೇಳಿದ್ದನ್ನು ಬರೆದುಕೊಳ್ಳುತ್ತ ಬಂದಿದ್ದೆ. ಐದು ವರ್ಷ, ಮೂರು ನೋಟ್‌ಬುಕ್, ನಾನೂರ ಹನ್ನೆರಡು ಟಿಪ್ಪಣಿ, ಪ್ರತಿಯೊಂದಕ್ಕೂ ತಾರೀಖು. ಯಾರೂ ಕೇಳಿರಲಿಲ್ಲ, ನಾನಾಗಿ ಬರೆದದ್ದು.

ಮಾಲೀಕರಿಗೆ ಮೂರೂ ನೋಟ್‌ಬುಕ್ ತೋರಿಸಿದೆ. ಅವರು ಎರಡು ಪುಟ ತಿರುವಿ, “ಬಹುತ್ ಅಚ್ಛಾ. ಲೇಕಿನ್ ಕನ್ನಡ ಕೌನ್ ಪಢೇಗಾ?” ಎಂದರು. ಕನ್ನಡ ಓದುವವರು ಯಾರು ಎಂದು ಅವರು ಕೇಳಿದ ಮೇಲೆ ಮೂರನ್ನೂ ಎತ್ತಿಕೊಂಡು ಬಂದೆ. ಪ್ರೆಸ್ ನಡೆಸುವವರೆಲ್ಲ ತೆಲುಗಿನವರು.

ಹುಡುಗಿಯ ಕೆಲಸದ ರೀತಿ ಹೀಗಿತ್ತು. ಕಾಕಾನ ಮುಂದೆ ಡ್ರಮ್ ಬೋರಲು ಹಾಕಿ ಅದರ ಮೇಲೆ ಫೋನ್ ಇಡುತ್ತಿದ್ದಳು. ಕಾಕಾ ಕನ್ನಡದಲ್ಲಿ ಮಾತಾಡುತ್ತಿದ್ದರು. ಫೋನಿನಲ್ಲಿದ್ದ ಎಐ ಅದನ್ನು ಕೇಳಿಸಿಕೊಂಡು ತೆಲುಗಿನಲ್ಲಿ ಬರೆದು, ಚಿಕ್ಕದು ಮಾಡಿ, ಕಾರ್ಡಿನ ಅಳತೆಗೆ ಕೂರಿಸಿ ಕೊಡುತ್ತಿತ್ತು. ಅವಳು ಅದನ್ನು ಅಚ್ಚು ಹಾಕಿ ಪ್ರೆಸ್‌ನ ಪಕ್ಕ ತೂಗುಹಾಕುತ್ತಿದ್ದಳು. ಕನ್ನಡದ ಒಂದಕ್ಷರ ಬಾರದವಳು ಕನ್ನಡದ ಮಾತು ಬರೆಸಿಕೊಳ್ಳುತ್ತಿದ್ದಳು. ನಾನು ಆಫೀಸಿನ ಅರೆ ತೆರೆದ ಗಾಜಿನ ಈಚೆ ಕೂತು ನೋಡುತ್ತಿದ್ದೆ.

ಮೊದಲ ದಿನ ಕಾಕಾ ಫೋನಿನ ಮುಂದೆ ಬಿಗಿದುಕೊಂಡು ಕೂತಿದ್ದರು. ಮೂರನೆಯ ದಿನ ಅದನ್ನು ಬೈಯಲು ಶುರುಮಾಡಿದರು. ನಾಲ್ಕನೆಯ ದಿನ ಅದು ಅವರ ಮಾತನ್ನು ಕನ್ನಡದಲ್ಲೇ ಅವರಿಗೆ ಓದಿ ಹೇಳಿತು. ಅಂದು ಚಹಾಕ್ಕೆ ಬಂದಾಗ ಕಾಕಾನ ಮುಖ ಅರಳಿತ್ತು.

“ನಾ ಹೇಳಿದ್ದ ಇಷ್ಟ ಚಂದ ಐತೇನವ್ವಾ? ನನಗs ಗೊತ್ತಿರಲಿಲ್ಲ ನೋಡು.”

ಐದು ವರ್ಷದಲ್ಲಿ ನಾನು ಒಮ್ಮೆಯೂ ಅವರಿಗೆ ಓದಿ ಹೇಳಿರಲಿಲ್ಲ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಫೋನ್ ಕೇಳುತ್ತಿದ್ದ ಪ್ರಶ್ನೆಗಳು. ಕಾಕಾ ಒಂದು ಮಾತು ಮುಗಿಸಿದರೆ ಅದು ನಾಲ್ಕು ಪ್ರಶ್ನೆ ಮುಂದಿಡುತ್ತಿತ್ತು, ಹುಡುಗಿ ಅವನ್ನು ಹಿಂದಿಯಲ್ಲಿ ಕೇಳುತ್ತಿದ್ದಳು. ಬೇಸಿಗೆಗೂ ಚಳಿಗೂ ರಬ್ಬರ್ ಬೇಯುವ ಹೊತ್ತು ಬೇರೆಯಾ, ಚಾಚಾ? ಕರೆಂಟು ಹೋಗಿ ಬಂದರೆ ಏನು ಮಾಡಬೇಕು? ಬೇಸಿಗೆಯ ಪ್ರಶ್ನೆಗೆ ಕಾಕಾ ಇಪ್ಪತ್ತು ನಿಮಿಷ ಉತ್ತರ ಹೇಳಿದರು. ನನ್ನ ಮೂರು ನೋಟ್‌ಬುಕ್‌ಗಳಲ್ಲಿ ಹುಡುಕಿದೆ. ಬೇಸಿಗೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ವಾರದ ದಿನಚರಿ ಈಗ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ಕಾಕಾ ಅವಳನ್ನು “ಬೇಟಿ” ಎಂದು ಕರೆದದ್ದು ಇಪ್ಪತ್ತಮೂರು ಸಲ, ನನ್ನನ್ನು “ಅವ್ವಾ” ಎಂದದ್ದು ನಾಲ್ಕು ಸಲ. ಗಾಜಿನ ಈಚೆಯಿಂದ ಗೆರೆ ಎಳೆದೆಳೆದು ಲೆಕ್ಕ ಇಟ್ಟಿದ್ದೆ. ನಮ್ಮ ಚಹಾ ಆರು ದಿನದಲ್ಲಿ ಎರಡೇ ಸಲ ಆಗಿತ್ತು.

ಅಚ್ಚಾದ ಪ್ರತಿ ಕಾರ್ಡಿನ ಒಂದು ಪ್ರತಿ ನನ್ನ ಮೇಜಿಗೆ ಬರುತ್ತಿತ್ತು. ಸಂಖ್ಯೆ ಹಾಕಿ ಫೈಲಿಗೆ ಸೇರಿಸುವುದು ನನ್ನ ಕೆಲಸ. ಇಲ್ಲೇ ಓದಿ ಬೆಳೆದ ನನಗೆ ತೆಲುಗು ಓದಲು ಬರುತ್ತದೆ. ಹನ್ನೊಂದನೇ ತಾರೀಖು, ಗುರುವಾರ, ಹದಿನಾಲ್ಕನೆಯ ಕಾರ್ಡು ಬಂತು. ಎರಡನೇ ಪ್ರೆಸ್‌ಗೆ ಬೆಳಗ್ಗೆ ಮಾಲು, ಅಂದರೆ ಹಸಿ ರಬ್ಬರ್, ಹಾಕುವ ಕ್ರಮ. ಅದರ ಮೂರನೆಯ ಸಾಲು: “ಮೀಟರು ನೂಟ ಅರವೈ ಚೂಪಿಂಚಿನಪ್ಪುಡು ಡೈ ದಗ್ಗರ ಕಾಪಲಾ ಉಂಡಿ, ತರುವಾತ ಮಾಲು ವೇಯಾಲಿ.” ಮೀಟರು ನೂರ ಅರವತ್ತು ತೋರಿಸಿದಾಗ ಡೈ ಹತ್ತಿರ ಕಾವಲಿದ್ದು, ಆಮೇಲೆ ಮಾಲು ಹಾಕಬೇಕು.

ಕಾಕಾ ಏನು ಹೇಳಿರುತ್ತಾರೆಂದು ನನಗೆ ತಕ್ಷಣ ತಿಳಿಯಿತು. “ಡೈ ಕಾಯಬೇಕು, ಆಮ್ಯಾಲ ಮಾಲ್.” ಡೈ ಎಂದರೆ ವಾಷರ್‌ನ ಆಕಾರ ಕೊರೆದ ಉಕ್ಕಿನ ಅಚ್ಚು. ಮೀಟರು ತೋರಿಸುವುದು ಪ್ರೆಸ್‌ನ ಶಾಖ, ಡೈಯದ್ದಲ್ಲ. ದಪ್ಪ ಉಕ್ಕು, ಒಳಗಿನ ತನಕ ಬಿಸಿಯಾಗಲು ಇನ್ನೂ ಹೊತ್ತು ಬೇಕು. ನೀರು ಕಾಯುವ ಹಾಗೆ, ಹಂಚು ಕಾಯುವ ಹಾಗೆ ಡೈ ಕಾಯಬೇಕು. ಎಐ ಅದನ್ನು ಹೊಲ ಕಾಯುವ, ಬಾಗಿಲು ಕಾಯುವ ಕಾಯುವಿಕೆ ಮಾಡಿತ್ತು. ಪದ ಒಂದೇ, ಅರ್ಥ ಎರಡು.

ತಪ್ಪು ಕಂಡೊಡನೆ ನನಗೆ ಆದದ್ದು ಸಂತೋಷ. ಅದನ್ನು ಬೇರೆ ಹೆಸರಿನಿಂದ ಬರೆಯಲಾರೆ. ಹುಡುಗಿ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದಳು. ಕಾರ್ಡಿನ ಮೂಲೆಯಲ್ಲಿ 14 ಎಂದು ಬರೆದೆ, ಪಂಚ್ ಮಾಡಿದೆ, ಫೈಲಿಗೆ ಸೇರಿಸಿದೆ. ಮನೆಗೆ ಹೋಗಿ ದಿನಚರಿಯಲ್ಲಿ ಬರೆದೆ: “ಕಾರ್ಡು 14, ತಪ್ಪು. ಹೇಳಲಿಲ್ಲ.” ಯಾರಾದರೂ ನೋಡೇ ನೋಡುತ್ತಾರೆ, ಅವಳಿಗೆ ಮಾಲೀಕರ ಮುಂದೆ ಒಂದು ಮಾತು ಬೀಳುತ್ತದೆ, ಆಗ ನನ್ನ ನೋಟ್‌ಬುಕ್ ತೆಗೆದು ತೋರಿಸುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಎರಡನೇ ಪ್ರೆಸ್‌ನಲ್ಲಿ ಆಗ ಹಳೆಯ ಆಪರೇಟರ್ ಇದ್ದ. ಅವನಿಗೆ ಕಾರ್ಡಿನ ಅಗತ್ಯವೇ ಇರಲಿಲ್ಲ.

ಹದಿನೇಳನೇ ತಾರೀಖು, ಬುಧವಾರ, ಅವನು ರಜೆ ಹಾಕಿದ. ವರಂಗಲ್ ಕಡೆಯ ಹೊಸ ಆಪರೇಟರ್ ಕಾರ್ಡು ಓದಿಕೊಂಡು ಕೆಲಸ ಶುರುಮಾಡಿದ. ಮೀಟರು ನೂರ ಅರವತ್ತು ತೋರಿಸಿದಾಗ ಅವನು ನಿಜವಾಗಿಯೂ ಕಾವಲು ನಿಂತಿದ್ದನಂತೆ, ಕೈ ಹಿಂದೆ ಕಟ್ಟಿಕೊಂಡು, ಯಾರನ್ನೂ ಹತ್ತಿರ ಬಿಡದೆ. ಐದು ನಿಮಿಷ ಹಾಗೆ ನಿಂತು ಮಾಲು ಹಾಕಿದ. ಮಧ್ಯಾಹ್ನದ ಹೊತ್ತಿಗೆ ಇನ್ನೂರ ನಲವತ್ತು ವಾಷರ್ ಬೇಯದೆ ಬಂದಿದ್ದವು. ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು.

ಮಾಲೀಕರು ಕೆಳಗೆ ಇಳಿದು ಬಂದರು. ಕಾರ್ಡಿನಂತೆಯೇ ಮಾಡಿದೆ ಎಂದ ಆಪರೇಟರ್. ಚಾಚಾ ಹೇಳಿದ್ದನ್ನೇ ಫೋನ್ ಬರೆದದ್ದು ಎಂದಳು ಹುಡುಗಿ, ಸುಳ್ಳೇನಲ್ಲ. ಎಲ್ಲರೂ ಕಾಕಾನ ಕಡೆ ತಿರುಗಿದರು. ತೆಲುಗು ಓದಲು ಬಾರದ ಅವರು ಕಾರ್ಡನ್ನು ಕೈಯಲ್ಲಿ ಹಿಡಿದು ಅತ್ತ ಇತ್ತ ಮಾಡಿದರು.

“ನಾನೇ ಬಿಟ್ಟಿರಬೇಕು, ಸಾಹೇಬ್. ಉಮರ್ ಹೋಗಯಿ,” ಎಂದು ತಮ್ಮ ವಯಸ್ಸಿನ ಮೇಲೆ ಹಾಕಿದರು.

ಮಾಲೀಕರು ಅವರ ಹೆಗಲು ತಟ್ಟಿ ಹೋದರು. ಕೆಲಸ ಬಿಡಲು ಹದಿಮೂರು ದಿನ ಉಳಿದಿರುವ ಮುದುಕನ ಹೆಗಲನ್ನು ತಟ್ಟುವ ರೀತಿಯಲ್ಲೇ ತಟ್ಟಿದರು. ನಾನು ಅವಳಿಗೆಂದು ಬಿಟ್ಟ ಏಟು ಕಾಕಾನಿಗೆ ಬಿದ್ದಿತ್ತು.

ಮರುದಿನ ಚಹಾದ ಹೊತ್ತಿಗೆ ಕಂಪ್ರೆಸರ್ ಪಕ್ಕದ ನೆರಳಿಗೆ ಹೋದೆ. ಕಾಕಾ ಡ್ರಮ್ಮಿನ ಮುಂದೆ ಕೂತಿದ್ದರು. ಹುಡುಗಿ ಆಚೆ ತಿರುಗಿ ಬಿಸ್ಕತ್ತಿನ ಪೊಟ್ಟಣ ಬಿಡಿಸುತ್ತಿದ್ದಳು. ಕನ್ನಡದಲ್ಲಿ ಹೇಳಿದರೆ ನಮ್ಮಿಬ್ಬರಲ್ಲೇ ಉಳಿಯುತ್ತದೆ ಎಂಬ ಧೈರ್ಯ ನನಗಿತ್ತು.

“ಕಾಕಾ, ನೀವೇನೂ ಬಿಟ್ಟಿಲ್ರಿ. ಡೈ ಕಾಯಬೇಕು ಅಂದ್ರ ಫೋನ್ ಕಾವಲು ಅಂತ ಬರದೈತಿ.”

ಅವರು ಚಹಾ ಕೆಳಗಿಟ್ಟರು. “ಕಾವಲಾ? ಡೈ ಏನ್ ಓಡಿ ಹೋಗ್ತೈತೇನು?” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದರು. “ನಿನಗ ಯಾವಾಗ ಗೊತ್ತಾತು?”

“ಹನ್ನೊಂದನೇ ತಾರೀಖು.”

“ಎಷ್ಟ ದಿನ ಆತು?”

“ಏಳು. ರವಿವಾರ ಬಿಟ್ರ ಆರು.”

“ಲೆಕ್ಕಾ ಬ್ಯಾರೆ ಇಟ್ಟೀ.” ಒಂದು ಗುಟುಕು ಕುಡಿದರು. “ಯಾಕ ಸುಮ್ನಿದ್ದಿ?”

“ನೀವು ನನಗ ಹೇಳೋದು ಬಿಟ್ಟ್ರಿ. ಎಲ್ಲಾ ಅದಕ್ಕs ಹೇಳಾಕತ್ತೀರಿ.”

“ನೀ ಎಲ್ಲಿ ಕೇಳ್ತಿದ್ದಿ? ಬಾಯಿಂದ ಬಿದ್ದದ್ದ ಬರ್ಕೊಂಡ ಹೋಗ್ತಿದ್ದಿ. ಅದು ನೋಡು, ತಿಳೀಲಿಲ್ಲ ಅಂದ್ರ ನಾಕ ಸಲ ಕೇಳ್ತೈತಿ, ಏನೂ ತಿಳೀದ ಮಳ್ಳನ ಹಂಗ. ಮಳ್ಳಗ ಹೇಳೂದು ನನಗ ಸೇರ್ತೈತಿ.”

ನನಗೆ ಕಣ್ಣು ತುಂಬಿ ಬಂತು. ಕಾಕಾ ಅದನ್ನು ನೋಡಿಯೂ ನೋಡದವರಂತೆ ಫೋನಿನ ಕಡೆ ಬಗ್ಗಿ, ಕಿವುಡರಿಗೆ ಹೇಳುವ ಹಾಗೆ, “ಡೈ ಬಿಸಿ ಆಗಬೇಕು. ಬಿಸಿ. ನೀರಿನ ಹನಿ ಬಿದ್ರ ಚುರ್ ಅನಬೇಕು,” ಎಂದರು. ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು. ತಿದ್ದುಪಡಿಯನ್ನೂ ಅವರು ಅದಕ್ಕೇ ಹೇಳಿದರು.

ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಸಂಜೆ ಐದೂ ಹತ್ತಕ್ಕೆ, ಹುಡುಗಿ ತನ್ನ ಕಂಪ್ಯೂಟರಿನ ತೆರೆಯನ್ನು ನನ್ನ ಕಡೆ ತಿರುಗಿಸಿದಾಗ. ಫೋನ್ ನಾನು ಬರುವ ಮೊದಲೇ ಚಾಲೂ ಇತ್ತು. ಅದು ಎಂದಿನಂತೆ ಮಾತುಕತೆಯ ಸಾರಾಂಶವನ್ನು ತೆಲುಗಿನಲ್ಲಿ ಬರೆದಿಟ್ಟಿತ್ತು. ಒಂದು: ಡೈ ಬಿಸಿಯಾಗಬೇಕು. ಎರಡು: ನೀರಿನ ಹನಿಯಿಂದ ಪರೀಕ್ಷೆ. ಮೂರು: ದಾಖಲೆ ವಿಭಾಗದವರಿಗೆ ಈ ತಪ್ಪು ಹನ್ನೊಂದನೇ ತಾರೀಖಿನಿಂದ ಗೊತ್ತಿತ್ತು, ತಿಳಿಸಿರಲಿಲ್ಲ. ಕಾರಣ: ಅಸೂಯೆ.

ಆ ಪದವನ್ನು ನಾನೂ ಆಡಿರಲಿಲ್ಲ, ಕಾಕಾ ಕೂಡ ಆಡಿರಲಿಲ್ಲ. ತೆಲುಗಿನಲ್ಲೂ ಅದು ಹೆಚ್ಚುಕಡಿಮೆ ಅದೇ ಪದ. ಸಾಲನ್ನು ಎರಡು ಸಲ ಓದಿದೆ, ಎಲ್ಲಾದರೂ ಅನುವಾದದ ತಪ್ಪು ಸಿಗುತ್ತದೇನೋ ಎಂದು. ಸಿಗಲಿಲ್ಲ.

“ಏ ಲೈನ್ ಕಾರ್ಡ್ ಮೇ ನಹೀ ಚಾಹಿಯೇ ನಾ, ಅಕ್ಕಾ?” ಎಂದು ಅವಳು ಕೇಳಿದಳು. ಈ ಸಾಲು ಕಾರ್ಡಿನಲ್ಲಿ ಬೇಡ ಅಲ್ಲವೇ ಅಕ್ಕಾ. ಕಾಗುಣಿತ ಕೇಳುವ ದನಿಯಲ್ಲಿ ಕೇಳಿದಳು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ನಿಮಿಷದಲ್ಲಿ ನಾನು ಅವಳ ಕೆಲಸಕ್ಕಲ್ಲ, ಆ ಸಮಾಧಾನಕ್ಕೆ ಹೊಟ್ಟೆಕಿಚ್ಚು ಪಟ್ಟೆ.

“ಕಾರ್ಡಿನಲ್ಲಿ ಬೇಡ. ಮಾಲೀಕರಿಗೆ ನಾನೇ ಹೇಳುತ್ತೇನೆ,” ಎಂದು ಹಿಂದಿಯಲ್ಲಿ ಹೇಳಿ ಮೆಟ್ಟಿಲು ಹತ್ತಿದೆ.

ಮಾಲೀಕರು ಫೋನಿನಲ್ಲಿದ್ದರು. ಹನ್ನೊಂದು ನಿಮಿಷ ನಿಂತೆ. ಕಾಕಾ ಸರಿಯಾಗಿಯೇ ಹೇಳಿದ್ದರು, ಫೋನ್ ತಪ್ಪು ತಿಳಿಯಿತು, ನಾನು ನೋಡಿ ಸುಮ್ಮನಿದ್ದೆ ಎಂದು ಮೂರು ವಾಕ್ಯದಲ್ಲಿ ಹೇಳಿದೆ. ಅವರು ಮೂರನೆಯದನ್ನು ಬಿಟ್ಟು ಮೊದಲೆರಡನ್ನು ಕೇಳಿಸಿಕೊಂಡಂತಿತ್ತು. ಉಸ್ತಾದನನ್ನು ಮೇಲೆ ಕಳಿಸು ಎಂದರು. ಕಾಕಾ ಹೋಗಿ ಬಂದರು. ಬರುವಾಗ ಟೋಪಿ ಸರಿಮಾಡಿಕೊಳ್ಳುತ್ತ, ಹೊಸ ಆಪರೇಟರನನ್ನು ಕಂಡು, “ಏ ಚೌಕೀದಾರ್,” ಎಂದು ಕೂಗಿದರು. ಅಂದಿನಿಂದ ಅವನಿಗೆ ಅದೇ ಹೆಸರು ನಿಂತಿತು.

ಕಾಕಾ ಹೋಗುವ ತನಕ ಉಳಿದ ದಿನಗಳಲ್ಲಿ ಫೋನ್ ಮೊದಲು ಕನ್ನಡದಲ್ಲಿ ಬರೆಯಬೇಕು, ಅದನ್ನು ನಾನು ಓದಬೇಕು, ಆಮೇಲೆ ತೆಲುಗು ಎಂದು ಮಾಲೀಕರ ಅಪ್ಪಣೆಯಾಯಿತು. ಮೇಜನ್ನು ಅವಳ ಪಕ್ಕಕ್ಕೆ ಸರಿಸಿಕೊಂಡೆ. ಹಳೆಯ ಹದಿಮೂರು ಕಾರ್ಡುಗಳನ್ನೂ ಸೇರಿಸಿ ಒಟ್ಟು ಮೂವತ್ತೊಂದು ಕಾರ್ಡುಗಳನ್ನು ನನ್ನ ಟಿಪ್ಪಣಿಗಳ ಜೊತೆ ಹೋಲಿಸಿ ನೋಡಿದೆವು. ಇನ್ನೂ ಒಂಬತ್ತು ತಪ್ಪು ಸಿಕ್ಕವು, ಆರು ಎಐ ಮಾಡಿದ್ದು, ಮೂರು ನನ್ನ ನೋಟ್‌ಬುಕ್ಕಿನವು. ನನ್ನ ಮೂರನ್ನು ಹಿಡಿದದ್ದು ಅವಳು, ಕನ್ನಡ ಬಾರದವಳು. ಫೋನ್ ಕೇಳಿದ ಪ್ರಶ್ನೆಗಳನ್ನೇ ನನ್ನನ್ನೂ ಕೇಳಿ ಹಿಡಿದಳು.

ಆರರಲ್ಲಿ ಪ್ರತಿಯೊಂದು ಕಂಡಾಗಲೂ ನನಗೆ ಮೊದಲು ಆದದ್ದು ಅದೇ ಹನ್ನೊಂದನೇ ತಾರೀಖಿನ ಸಂತೋಷ. ಅದು ಕಡಿಮೆಯಾಗಲಿಲ್ಲ. ಪ್ರತಿ ಸಲವೂ ಅದು ಬಂದು ಹೋಗುವ ತನಕ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದೆ. ಆಮೇಲೆ ಅವಳ ಕಡೆ ತಿರುಗಿ, ಇಲ್ಲಿ ನೋಡು ಎನ್ನುತ್ತಿದ್ದೆ. ಆರನ್ನೂ ಕಂಡ ದಿನವೇ ಹೇಳಿದೆ.