ಭಾವನ ಮುಟ್ಟಾಳೆ

ಅಲಸಂಡೆ ಆರಿಸುವುದರಲ್ಲಿ ನಾನು ಪಂಡಿತನೆಂಬ ಜಂಬ ನನಗೆ ಬಹುಕಾಲ ಇತ್ತು. ಮೂಡುಬಿದಿರೆಯ ಸಂತೆಯಲ್ಲಿ ಕೊಂಕಿಲ್ಲದ, ಕಲೆಯಿಲ್ಲದ, ಹುಳು ಮೂಸಿಯೂ ನೋಡದ ಎಳೆಕಾಯಿಯ ಕಟ್ಟುಗಳನ್ನೇ ಹುಡುಕುತ್ತ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಗತ್ತಿನಲ್ಲಿ ನಾನು ನಿಂತಿರುವಾಗ, ನನ್ನ ಹೆಂಡತಿ ನಾಲ್ಕು ಹೆಜ್ಜೆ ದೂರ ಸರಿದು ಅಪರಿಚಿತಳಂತೆ ನಟಿಸುತ್ತಿದ್ದಳು.

ನನ್ನಂಥ ರಸಿಕರ ತೃಪ್ತಿಗೆಂದೇ ತೋಡಾರಿನಲ್ಲಿ ನನ್ನ ಅಕ್ಕನ ಗಂಡ ಸಂಜೀವ ಭಾವ ಅಲಸಂಡೆ ಬೆಳೆಯುತ್ತಾರೆ. ಗದ್ದೆ ತುಂಬ ಮಾರುವ ಸಾಲುಗಳು, ಬಾವಿಯ ಬದಿಗೆ ಮನೆಖರ್ಚಿನ ಎರಡು ಸಾಲು. ಮಾರುವುದಕ್ಕೆ ವಾರವಾರವೂ ಮದ್ದು, ಮನೆಯದಕ್ಕೆ ಬರೀ ಒಲೆಬೂದಿ. ವಿಷವನ್ನು ಮದ್ದೆಂದು ಕರೆಯುವ ನಮ್ಮೂರ ದಾಕ್ಷಿಣ್ಯ ದೊಡ್ಡದು, ನೋಡಿ. ನನಗೆ ಮಾತ್ರ ಭಾವ ಕೊಡುತ್ತಿದ್ದುದು ಯಾವಾಗಲೂ ಮನೆಯ ಸಾಲಿನದ್ದೇ. ಕೃತಘ್ನನಾದ ನಾನು ಅದರ ತೂತುಗಳನ್ನು ಎಣಿಸಿ ಅವರನ್ನು ಛೇಡಿಸುತ್ತಿದ್ದೆ.

ಮಾತಾಡುತ್ತಲೇ, ಕೈ ನೋಡದೆಯೇ, ಬಾಳೆನಾರಿನಿಂದ ಕಟ್ಟು ಬಿಗಿಯುವ ಭಾವನ ಬೆರಳುಗಳು ಹೋದ ವರ್ಷ ನಡುಗತೊಡಗಿದವು. ತಲೆನೋವು, ಕಣ್ಣು ಮಂಜು. ಬಿಸಿಲಿನ ದೆಸೆಯಿಂದೆಂದು ಅವರು ಅಡಿಕೆಹಾಳೆಯ ಟೊಪ್ಪಿಯಾದ ಮುಟ್ಟಾಳೆಯನ್ನು ಇನ್ನಷ್ಟು ಕೆಳಗೆಳೆದುಕೊಂಡರು. ಗಂಟು ನಿಲ್ಲದೆ ಅಲಸಂಡೆಯೆಲ್ಲ ಅಂಗಳದಲ್ಲಿ ಚೆಲ್ಲಿದ ದಿನ ಅಕ್ಕ ಒಳಗೆ ಹೋಗಿ ಅತ್ತಳು. ನನಗೂ ಹೆದರಿಕೆಯಾಯಿತು. ಅವರಿಬ್ಬರನ್ನೂ ಬೆಳ್ತಂಗಡಿಯ ವೈದ್ಯರೊಬ್ಬರ ಬಳಿ ಕರೆದೊಯ್ದೆ.

ಮದ್ದು ಬಿಡುವಾಗ ಏನು ಧರಿಸುತ್ತೀರೆಂದು ವೈದ್ಯರು ಕೇಳಿದರು. ಭಾವ ಹೆಮ್ಮೆಯಿಂದಲೇ ಹೇಳಿದರು: "ಮೂಗಿಗೆ ಹೆಗಲ ಮೇಲಿನ ಬೈರಾಸು ಕಟ್ತೇನೆ, ತಲೆಗೆ ಮುಟ್ಟಾಳೆ. ಬಂದ ಕೂಡ್ಲೆ ಸ್ನಾನ ಉಂಟು, ಬಟ್ಟೆ ಒಗೆಯುವುದು ಉಂಟು."

"ಮುಟ್ಟಾಳೆ ಒಗೆಯುವುದು ಉಂಟಾ?"

"ಮುಟ್ಟಾಳೆಯನ್ನು ಯಾರಾದ್ರೂ ಒಗೆಯುತ್ತಾರಾ ಮಾರಾಯ್ರೆ?" ಎಂದು ಭಾವ ನಕ್ಕರು.

ವೈದ್ಯರು ನಗದೆ, ನಡುಕಕ್ಕೆ ಕಾರಣ ಅದೇ ಎಂದರು. ವಾರವಾರ ವಿಷ ಹೀರಿದ ಅದೇ ಹಾಳೆ, ಉಳಿದ ದಿನಗಳಲ್ಲೂ ಬೆವರುವ ತಲೆಯ ಮೇಲೆ. ಅಷ್ಟರಲ್ಲಿ ಅಕ್ಕ ಮೆಲ್ಲಗೆ ಅಂದಳು: "ಮನೆಯ ಅಲಸಂಡೆ ನಾನು ಕೊಯ್ದು ಹಾಕುವುದು ಅದರಲ್ಲೇ ಅಲ್ವಾ."

ಮುಟ್ಟಾಳೆಯನ್ನು ಮಗುಚಿ ಬುಟ್ಟಿಯಾಗಿಸುವುದು ನಮ್ಮ ಕಡೆ ಎಲ್ಲರ ಅಭ್ಯಾಸ. ನಮಗೆಂದು ಜೋಪಾನ ಮಾಡಿದ ಆ ಎರಡು ಸಾಲಿನ ಫಸಲೂ ಅದರಲ್ಲೇ ಅಡುಗೆಮನೆಗೆ ಬರುತ್ತಿತ್ತು. ನಾನು ತಲೆ ತಗ್ಗಿಸಿದೆ. ಕಲೆಯಿಲ್ಲದ ಅಲಸಂಡೆ ಬೇಕೆಂದು ಸಂತೆಯಲ್ಲಿ ಹಟ ಹಿಡಿದವನು ನಾನೇ ತಾನೇ?

ಈಗ ಭಾವನ ಗದ್ದೆಯಲ್ಲಿ ಎಲ್ಲವೂ ಮನೆಯ ಸಾಲೇ. ಬೂದಿ, ಬೇವಿನ ಹಿಂಡಿ, ಬೆಳಿಗ್ಗೆ ಎದ್ದು ಕೈಯಲ್ಲೇ ಹುಳ ಹೆಕ್ಕುವ ಅಕ್ಕ. ಫಸಲು ಕಡಿಮೆ, ಅಂಗಡಿಯವರು ಮೂಗು ಮುರಿದದ್ದರಿಂದ ಭಾವ ತಾವೇ ಸಂತೆಯಲ್ಲಿ ಕೂರುತ್ತಾರೆ. ಮೊನ್ನೆ ಅವರ ಮುಂದೆ ಹೋಗಿ ನಿಂತೆ. ಹೊಸ ಮುಟ್ಟಾಳೆಯ ಕೆಳಗಿನಿಂದ ನನ್ನನ್ನು ನೋಡಿ, "ತೂತು ಉಂಟು, ಆಗಬಹುದಾ?" ಎಂದರು. ಆಗಬಹುದೆಂದೆ. ಬಾಳೆನಾರಿನ ಗಂಟು ಎರಡು ಸಲ ಜಾರಿತು, ಮೂರನೆಯ ಸಲ ನಿಂತಿತು. ನಾನು ತೂತು ಎಣಿಸಲಿಲ್ಲ. ಹೆಂಡತಿ ನನ್ನ ಪಕ್ಕದಲ್ಲೇ ನಿಂತು ಚೀಲದ ಬಾಯಿ ಅಗಲಿಸಿ ಹಿಡಿದಳು.