ಒಳಪುಟದ ತಿದ್ದುಪಡಿ

ಮಾಸ್ತರರ ಎಡಗಿವಿ ಕೇಳುತ್ತಿರಲಿಲ್ಲ. ಇಪ್ಪತ್ತು ವರ್ಷ ವಿಮಾನದ ಎಂಜಿನ್ನುಗಳ ಪಕ್ಕ ನಿಂತು ಆ ಕಿವಿ ಹೋಗಿತ್ತು. ಯಾರಾದರೂ ಮಾತಾಡಿಸಿದರೆ ಕತ್ತು ಹೊರಳಿಸಿ ಬಲಗಿವಿಯನ್ನು ಮುಂದೆ ಮಾಡುತ್ತಿದ್ದರು, ಕಾಗೆ ಒಂದೇ ಕಣ್ಣಿನಿಂದ ನೋಡುವ ಹಾಗೆ. ಕೇಳುವುದು ಬೇಡ ಅನ್ನಿಸಿದಾಗ ಎಡಗಿವಿಯನ್ನು ಮುಂದೆ ಮಾಡುತ್ತಿದ್ದರು. ಅವರ ಹೆಂಡತಿಗೆ ಈ ಉಪಾಯ ಚೆನ್ನಾಗಿ ಗೊತ್ತಿತ್ತು. “ಈ ಕಡೆ ಗೇಟ್ ಬಂದ್ ಐತ್ರಿ, ಆ ಕಡಿಂದ ಬರ್ರಿ” ಎಂದು ನಮಗೆ ನಗುತ್ತಾ ಹೇಳುತ್ತಿದ್ದರು.

ಅವರು ಯಾವ ಶಾಲೆಯ ಮಾಸ್ತರರೂ ಅಲ್ಲ. ಸಿಂಗಪುರದ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯೊಂದರ ಟೆಕ್ನಿಷಿಯನ್. ಭಾನುವಾರ ಬೆಳಿಗ್ಗೆ ಹೌಗಾಂಗ್‌ನ ನಾಲ್ಕನೇ ಮಹಡಿಯ ತಮ್ಮ ಫ್ಲ್ಯಾಟಿನಲ್ಲಿ ಹತ್ತು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಅವರಲ್ಲಿ ನನ್ನ ಮಗಳೂ ಒಬ್ಬಳು. ಆಗ ಅವಳಿಗೆ ಒಂಬತ್ತು ವರ್ಷ. ಬೆಂಗಳೂರು, ಮೈಸೂರುಗಳಿಂದ ವಾರಕ್ಕೊಂದು ಹೊಸ ಕುಟುಂಬ ಸಿಂಗಪುರಕ್ಕೆ ಬಂದು ಇಳಿಯುತ್ತಿದ್ದ ಕಾಲ ಅದು. ಎಲ್ಲರಿಗೂ ಕೆಲಸವಿತ್ತು, ಎಲ್ಲರಿಗೂ ಓವರ್‌ಟೈಮ್ ಇತ್ತು. ಮಾಸ್ತರರು ಮಾತ್ರ ಭಾನುವಾರದ ಓವರ್‌ಟೈಮ್ ಬೇಡವೆಂದು ಬರೆದುಕೊಟ್ಟಿದ್ದರು.

ಅವರ ಓಣಿ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬಂದಾಗ ಓಣಿ ಅದರಡಿ ಹೋಯಿತು. ಅಲ್ಲಿದ್ದವರು ಹೊಸ ಊರಿನ ಬೇರೆ ಬೇರೆ ಸೆಕ್ಟರುಗಳಿಗೆ ಚೆದುರಿದರು. ನಮ್ಮೊಂದಿಗೆ ಮಾಸ್ತರರು ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದರು, “ಬನ್ನಿ ಸಾರ್, ಕೂತ್ಕೊಳ್ಳಿ” ಎಂದು. ಪಾಠ ಶುರುವಾದರೆ ಮಾತ್ರ ಅವರ ನಾಲಿಗೆ ಊರಿಗೆ ಹೋಗಿಬಿಡುತ್ತಿತ್ತು. ಯಾಕೆಂದು ಒಮ್ಮೆ ಕೇಳಿದೆ.

“ನನ್ನಂಗ ಮಾತಾಡೋ ಓಣಿ ನೀರಾಗೈತಿ ಸಾರ್. ಅಲ್ಲಿದ್ದವ್ರು ಒಬ್ಬೊಬ್ರು ಒಂದೊಂದು ಕಡೆ. ಇಲ್ಲಿ ಹತ್ತು ಹುಡುಗ್ರು ಒಂದ ಕಡೆ ಕೂಡ್ತಾವ. ಇವುಗಳ ಬಾಯಾಗ ಒಂದೀಟು ಉಳೀಲಿ ಅಂತ.”

ಪಾಠಪುಸ್ತಕ ಇರಲಿಲ್ಲ. ಇದ್ದದ್ದು ಒಂದು ಡಿವಿಡಿ. ಹೌಗಾಂಗ್‌ನ ಅಂಗಡಿಯೊಂದರ ಅಗ್ಗದ ಬುಟ್ಟಿಯಲ್ಲಿ ಸಿಕ್ಕಿದ ಜಪಾನಿ ಕಾರ್ಟೂನ್ ಸಿನಿಮಾ. ಮಾತು ಜಪಾನಿ, ಕೆಳಗೆ ಬರುವ ಅಕ್ಷರ ಚೀನಿ. ಆ ಮನೆಯಲ್ಲಿ ಎರಡೂ ಯಾರಿಗೂ ಬರುತ್ತಿರಲಿಲ್ಲ. ಮಾಸ್ತರರಿಗೆ ಬೇಕಾಗಿದ್ದೂ ಅದೇ.

ಕಬ್ಬಿಣ ಕಾಯಿಸುವ ಒಂದು ಊರು. ಕುಲುಮೆಗಳ ತಿದಿ ಒತ್ತಲು ಅವರಿಗೆ ನೀರಿನ ಬಲ ಬೇಕು, ಅದಕ್ಕಾಗಿ ನದಿಗೆ ಅಡ್ಡಗಟ್ಟೆ ಕಟ್ಟುತ್ತಾರೆ. ಮೇಲಿನ ಕಾಡು ಮುಳುಗತೊಡಗುತ್ತದೆ. ಆ ಕಾಡನ್ನು ಕಾಯುವುದು ಮೂರು ತಾಳೆಮರದ ಎತ್ತರದ ಒಂದು ಕೊಕ್ಕರೆ. ಅದು ಕಟ್ಟೆಯ ಮೇಲೆ ಬಂದು ನಿಲ್ಲುತ್ತದೆ. ಊರವರು ಅದರತ್ತ ಬೆಂಕಿಬಾಣ ಬಿಡುತ್ತಾರೆ. ಯಾರೂ ಪೂರ್ತಿ ಕೆಟ್ಟವರಲ್ಲ. ಕಬ್ಬಿಣ ಕಾಯಿಸುವವರಿಗೂ ಮಕ್ಕಳಿದ್ದಾರೆ, ಹಸಿವಿದೆ. ಚಿತ್ರ ನೋಡಿದರೆ ಇಷ್ಟು ಯಾರಿಗಾದರೂ ತಿಳಿಯುತ್ತಿತ್ತು. ಉಳಿದದ್ದನ್ನು ಮಾಸ್ತರರು ತುಂಬುತ್ತಿದ್ದರು.

ಅವರು ಒಂದೊಂದು ಮಾತಿಗೂ ಚಿತ್ರ ನಿಲ್ಲಿಸಿ ಒಂದೊಂದು ಮಗುವಿನ ಕಡೆ ರಿಮೋಟ್ ತೋರಿಸುತ್ತಿದ್ದರು.

“ಏನ್ ಹೇಳಾಕತ್ತಾಳ ಆಕಿ?”

“ಶಿ ಈಸ್ ವೆರಿ ಆಂಗ್ರಿ, ಅಂಕಲ್.”

“ಕನ್ನಡದಾಗ ಹೇಳೋ ತನಕ ಕೊಕ್ಕರಿ ಹಾರಂಗಿಲ್ಲ.”

“ಅಯ್ಯೋ, ಪ್ಲೇ ಮಾಡಿ ಲಾ!”

“ಲಾ ಅಂದ್ರ ಏನಲೇ? ಸಿಟ್ಟು ಬಂದೈತಿ ಅನ್ನು.”

“ಸಿಟ್ಟು ಬಂದೈತಿ ಲಾ.”

ಸಿಂಗಪುರದ ಮಾತಿನ ಆ ಬಾಲವನ್ನು ಹೊತ್ತುಕೊಂಡೇ ಕೊಕ್ಕರೆ ಹಾರುತ್ತಿತ್ತು.

ಹೀಗೆ ಒಂದು ಭಾನುವಾರಕ್ಕೆ ಐದಾರು ನಿಮಿಷದ ಸಿನಿಮಾ ಸಾಗುತ್ತಿತ್ತು. ಎರಡು ಗಂಟೆಯ ಕಥೆ ತಿಂಗಳುಗಟ್ಟಲೆ ನಡೆಯಿತು. ಮುಂದಿನದನ್ನು ಮಾಸ್ತರರೂ ನೋಡಿರಲಿಲ್ಲ. “ನೀವು ಮುಟ್ಟಿದಲ್ಲಿಗೇ ನಾನೂ ಮುಟ್ಟಿರತೀನಿ” ಎನ್ನುತ್ತಿದ್ದರು. ಮಕ್ಕಳು ಅದನ್ನು ನಂಬಿದ್ದರು. ನಾನೂ ನಂಬಿದ್ದೇನೆ.

ಪಾಠ ಮುಗಿದ ಮೇಲೆ ಯಾರೂ ತಕ್ಷಣ ಏಳುವ ಹಾಗಿರಲಿಲ್ಲ. ಟಿವಿಯ ಪಕ್ಕದ ಗೋಡೆಯಲ್ಲಿ ಒಂದು ಬಿಳಿ ಹಲಗೆ ಇತ್ತು. ಅದರ ಮೇಲೆ ರಿಮೋಟ್, ಕತ್ತರಿ, ಹತ್ತು ಪೆನ್ಸಿಲ್, ಡಿವಿಡಿಯ ಡಬ್ಬಿ, ಇವುಗಳ ಆಕಾರವನ್ನು ಕಪ್ಪು ಮಾರ್ಕರಿನಲ್ಲಿ ಬರೆದು ಮೊಳೆ ಹೊಡೆದಿದ್ದರು. ವಿಮಾನದ ಕೆಲಸದಲ್ಲಿ ಹತಾರಗಳನ್ನು ಹಾಗೇ ಇಡುವುದಂತೆ. ಯಾವ ಆಕಾರ ಖಾಲಿ ಇದೆಯೋ ಆ ಹತಾರ ವಿಮಾನದ ಹೊಟ್ಟೆಯಲ್ಲಿ ಉಳಿದಿದೆ ಎಂದರ್ಥ. ಅದು ಸಿಗುವ ತನಕ ವಿಮಾನ ಬಿಡುವ ಹಾಗಿಲ್ಲ. ಒಂದು ಪೆನ್ಸಿಲ್ ಕಡಿಮೆಯಾದರೆ ಹತ್ತೂ ಮಕ್ಕಳು ಸೋಫಾದ ಕೆಳಗೆ ತಲೆ ತೂರಿಸಿ ಹುಡುಕುತ್ತಿದ್ದರು. ಕೆಳಗೆ ವಾಯ್ಡ್ ಡೆಕ್ಕಿನಲ್ಲಿ, ಕಟ್ಟಡದ ಗೋಡೆಯಿಲ್ಲದ ನೆಲಮಹಡಿಯಲ್ಲಿ, ಕಾಯುತ್ತಿದ್ದ ಅಪ್ಪಂದಿರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಕಥೆ ಕೊನೆಯ ಭಾಗಕ್ಕೆ ಬಂತು. ಕಟ್ಟೆ ಬಿರುಕು ಬಿಡುತ್ತದೆ, ಊರು ಮುಳುಗಲಿದೆ. ಒಬ್ಬ ಮುದುಕಿ ಬಾಗಿಲಿಂದ ಬಾಗಿಲಿಗೆ ಹೋಗುತ್ತಾಳೆ, ಕೈಯೆತ್ತಿ ಏನೋ ಹೇಳುತ್ತಾಳೆ. ಅರ್ಧ ನಿಮಿಷದ ದೃಶ್ಯ. ಮಾಸ್ತರರು ಅದರಲ್ಲಿ ಮೂರು ಭಾನುವಾರ ನಿಂತರು. ಈ ಸಲ ಮಕ್ಕಳನ್ನು ಕೇಳಲಿಲ್ಲ, ತಾವೇ ಹೇಳಿದರು. ಮಕ್ಕಳು ಅವರ ಹಿಂದೆ ಹೇಳಿದರು.

“ಏ ಹಲ್ಲೆವ್ವಾ, ಇರಿವೆವ್ವಾ, ಗುಬ್ಬೆವ್ವಾ. ನೀರು ಬರಾಕತ್ತೈತಿ. ನಾವು ಹೊಂಟೀವಿ, ನೀವೂ ಏಳ್ರಿ. ಹೇಳಲಿಲ್ಲ ಅನಬ್ಯಾಡ್ರಿ.”

ನನ್ನ ಮಗಳು ಅದನ್ನು ಮನೆಯಲ್ಲೂ ಹೇಳತೊಡಗಿದಳು. ಟ್ಯೂಬ್‌ಲೈಟಿನ ಹಿಂದಿನ ಹಲ್ಲಿಗೆ ಹೇಳಿದಳು, ಲಿಫ್ಟಿನೊಳಗಿನ ಇರುವೆಗೆ ಹೇಳಿದಳು. ಅಲ್ಲಿಯವರೆಗೆ ಒಂದು ಪೂರ್ತಿ ಕನ್ನಡ ವಾಕ್ಯ ಅವಳ ಬಾಯಿಂದ ಹೊರಟಿರಲಿಲ್ಲ.

ನಾನು ಮಾಡುತ್ತಿದ್ದುದು ಪತ್ರಿಕೆಯೊಂದರ ಡೆಸ್ಕಿನ ಕೆಲಸ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವ ಕೆಲಸ. ಇಂಥವರು ಇಂತಹ ಮಾತು ಹೇಳಿದರು ಎಂದು ಬರೆದಿದ್ದರೆ, ನಿಜಕ್ಕೂ ಹೇಳಿದರೇ ಎಂದು ಕೇಳದೆ ಮುಂದೆ ಬಿಡುವ ಅಭ್ಯಾಸ ನನಗಿಲ್ಲ. ಜಪಾನಿ ಮುದುಕಿ ಇರುವೆಗೆ ‘ಅವ್ವಾ’ ಅನ್ನುವಳೇ? ಊರಿನ ನಡುವಿನ ದೊಡ್ಡ ಅಂಗಡಿಯಲ್ಲಿ ಅದೇ ಸಿನಿಮಾದ ಇಂಗ್ಲಿಷ್ ಅಕ್ಷರವಿರುವ ಡಿವಿಡಿ ಸಿಕ್ಕಿತು. ಮಗಳ ಜೊತೆ ಕೂತು ನೋಡಿದೆ. ಆ ಮುದುಕಿ ಗಂಡಸರಿಗೆ ಕೂಗಿ ಹೇಳುತ್ತಿದ್ದಳು, ಕಾಯಿಸಿದ ಕಬ್ಬಿಣವನ್ನು ಮೊದಲು ಹೊರಗೆ ಸಾಗಿಸಿ, ಉಳಿದದ್ದು ಹಾಳಾಗಿ ಹೋಗಲಿ ಎಂದು. ಹಲ್ಲಿಯೂ ಇಲ್ಲ, ಇರುವೆಯೂ ಇಲ್ಲ.

ಮುಂದಿನ ಭಾನುವಾರ ಡಿವಿಡಿ ತೆಗೆದುಕೊಂಡು ನಾನೇ ಮೇಲೆ ಹೋದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ಎಣಿಕೆಯಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಮಗಳು ಒಳಗೆ ಓಡಿದಳು.

“ಮಾಸ್ತರ್ ಅಂಕಲ್, ಅಜ್ಜಿ ಹಾಗೆ ಹೇಳೋದೇ ಇಲ್ಲ! ಅಪ್ಪ ಚೆಕ್ ಮಾಡಿದ್ರು. ಶಿ ಓನ್ಲಿ ವಾಂಟ್ ದ ಐರನ್ ಲಾ!”

ಮಾಸ್ತರರು ನನ್ನ ಕಡೆ ಬಲಗಿವಿ ತಿರುಗಿಸಿದರು. “ಹೌದೇನ್ ಸಾರ್?”

ನಾನು ಹೌದೆಂದೆ. ಆ ಮಾತು ಚಿತ್ರದಲ್ಲಿಲ್ಲ, ಮುದುಕಿ ಹಾಗೆ ಹೇಳಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವರಿಗೆ ಕಿವಿ ಮಂದವಲ್ಲವೇ, ದನಿ ಸ್ವಲ್ಪ ಎತ್ತರಿಸಿಯೇ ಹೇಳಿದೆ.

ಮಗನನ್ನು ಬಿಡಲು ಬಂದಿದ್ದ ಮೈಸೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹಿಂದಿನಿಂದ ಸೇರಿಸಿದರು, “ಸೂಪರ್ ಸಾರ್. ಇವತ್ತೇ ಫಿನಿಶ್ ಮಾಡ್ಬಿಡಿ. ನೆಕ್ಸ್ಟ್ ವೀಕಿಂದ ಪ್ರಾಪರ್ ಆಗಿ ಗ್ರಾಮರ್ ಶುರು ಮಾಡ್ಬಹುದು.”

“ಹಾಕ್ರಿ ಹಂಗಾರ” ಎಂದರು ಮಾಸ್ತರರು.

ನನ್ನ ಡಿವಿಡಿ ಹಾಕಿದರು. ರಿಮೋಟನ್ನು ಹಲಗೆಯ ಮೇಲೆ ಅದರ ಆಕಾರದಲ್ಲಿ ನೇತುಹಾಕಿ ಬಂದು ಕೂತರು. ಚಿತ್ರ ಮೊದಲಿಂದ ಶುರುವಾಗಿ ಎಲ್ಲೂ ನಿಲ್ಲದೆ ಓಡಿತು. ಮಕ್ಕಳು ಇಂಗ್ಲಿಷ್ ಓದಿಕೊಂಡು ಸುಮ್ಮನೆ ನೋಡಿದರು. ಎರಡು ಗಂಟೆ ಆ ಕೋಣೆಯಲ್ಲಿ ಕನ್ನಡದ ಒಂದು ಶಬ್ದವೂ ಕೇಳಿಸಲಿಲ್ಲ. ಕೊನೆಯಲ್ಲಿ ಕಟ್ಟೆ ಒಡೆದು ಊರಿನ ಮಾಳಿಗೆಗಳು ಒಂದೊಂದಾಗಿ ನೀರೊಳಗೆ ಇಳಿದವು. ಆಗ ಮಾಸ್ತರರು ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಅವರ ಎಡಗಿವಿ ಟಿವಿಯ ಕಡೆಗಿತ್ತು. ಅದನ್ನು ನಾನು ನೋಡಿದೆ. ಏನೆಂದು ಯೋಚಿಸಲಿಲ್ಲ.

“ಛಲೋ ಆತು” ಎಂದರು ಬಂದು. “ಎಲ್ಲಾರ್ಗೂ ಖರೇ ಏನಂತ ತಿಳೀತು.”

ಮುಂದಿನ ವಾರ ಆರು ಮಕ್ಕಳು ಬಂದರು, ಅದರ ಮುಂದಿನ ವಾರ ಮೂವರು. ಕಥೆ ಮುಗಿದಿತ್ತಲ್ಲ. ವ್ಯಾಕರಣಕ್ಕಾಗಿ ಭಾನುವಾರ ಬೆಳಿಗ್ಗೆ ಏಳುವ ಮಕ್ಕಳು ಯಾವ ಊರಿನಲ್ಲೂ ಇಲ್ಲ. ಒಂದು ದಿನ ಮಾಸ್ತರರು ಫೋನ್ ಮಾಡಿ, ಭಾನುವಾರ ಓವರ್‌ಟೈಮ್ ಒಪ್ಪಿಕೊಂಡಿದ್ದೇನೆ, ಸಾರಿ ಸಾರ್, ಎಂದರು. ಅಚ್ಚ ಬೆಂಗಳೂರು ಕನ್ನಡದಲ್ಲಿ ಹೇಳಿದರು.

ಎರಡು ವರ್ಷದ ಮೇಲೆ ಅವರಿಗೆ ಯಕೃತ್ತಿನ ಕ್ಯಾನ್ಸರ್ ಎಂದು ಸುದ್ದಿ ಬಂತು. ಆಸ್ಪತ್ರೆಗೆ ಹೋದೆ. ನರ್ಸು ಕುರ್ಚಿಯನ್ನು ಮಂಚದ ಎಡಕ್ಕೆ ಇಟ್ಟಿದ್ದಳು. ಅದನ್ನು ಎತ್ತಿ ಬಲಕ್ಕೆ ಹಾಕಿಕೊಂಡು ಕೂತೆ. ಅವರು ನೋಡಿ ನಕ್ಕರು. ಮೈ ಹಳದಿಯಾಗಿತ್ತು, ಬೆರಳ ಸಂದಿಯ ಎಣ್ಣೆಯ ಕಪ್ಪು ಮಾತ್ರ ಹಾಗೇ ಇತ್ತು. ಅವರೇ ಮೊದಲು ಕೇಳಿದರು.

“ಪೇಪರ್‌ನ್ಯಾಗ ತಪ್ಪು ಆದ್ರ ಏನ್ ಮಾಡ್ತೀರಿ ಸಾರ್?”

“ಮರುದಿನ ತಿದ್ದುಪಡಿ ಹಾಕ್ತೀವಿ.”

“ಎಲ್ಲಿ? ಮೊದಲನೇ ಪುಟದಾಗೇನು?”

“ಇಲ್ಲ. ಒಳಪುಟದಲ್ಲಿ, ಸಣ್ಣದಾಗಿ.”

“ಹೌದೌದು, ಎಲ್ಲಾರೂ ನೋಡಬಾರದಲ್ಲ” ಎಂದು ನಕ್ಕರು. ಆಮೇಲೆ, “ಸಣ್ಣದಿದ್ರೂ ನಡೀತೈತಿ” ಎಂದರು.

ಹಳೆಯದನ್ನು ನೆನೆದು ಚುಚ್ಚಿದರು ಎಂದುಕೊಂಡೆ. ಕ್ಷಮೆ ಕೇಳಬೇಕೆನ್ನಿಸಿತು. ಆದರೆ ನಾನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಡಿವಿಡಿ ಸಾಕ್ಷಿಗಿತ್ತು. ಹಾಗಾಗಿ ಕೇಳಲಿಲ್ಲ. ಹತ್ತು ದಿನದಲ್ಲಿ ಮಾಸ್ತರರು ತೀರಿಕೊಂಡರು.

ಅವರ ಹೆಂಡತಿ ಊರಿಗೆ ಹೊರಟಾಗ ಫ್ಲ್ಯಾಟ್ ಖಾಲಿ ಮಾಡಲು ನಾವಿಬ್ಬರೂ ಹೋದೆವು, ನಾನು ಮತ್ತು ಮಗಳು. ಸೋಫಾ ಹೋಗಿತ್ತು, ಟಿವಿ ಹೋಗಿತ್ತು. ಗೋಡೆಯ ಮೇಲೆ ಹಲಗೆ ಮಾತ್ರ ಉಳಿದಿತ್ತು. ಹತ್ತು ಪೆನ್ಸಿಲ್ಲೂ ತಮ್ಮ ತಮ್ಮ ಜಾಗದಲ್ಲಿದ್ದವು. ಮಾಸ್ತರರ ಡಿವಿಡಿಯ ಪಕ್ಕದಲ್ಲಿ ಇನ್ನೊಂದು ಚೌಕವನ್ನು ಹೊಸದಾಗಿ ಬರೆದಿದ್ದರು. ನಾನು ಅಲ್ಲೇ ಬಿಟ್ಟುಬಂದಿದ್ದ ಡಿವಿಡಿ ಅದರಲ್ಲಿತ್ತು.

ಮಗಳಿಗೆ ಆಗ ಹನ್ನೊಂದು ದಾಟಿತ್ತು. ಹಲಗೆ ಇಳಿಸಿದಾಗ ಅದರ ಹಿಂದಿನಿಂದ ಒಂದು ಹಲ್ಲಿ ಹೊರಬಂದು ಗೋಡೆಗೆ ಅಂಟಿ ನಿಂತಿತು. ಯಾರೂ ಹೇಳಿಕೊಡದೆ ಅವಳು ಅದರ ಮುಂದೆ ಹೋಗಿ ಕೈಯೆತ್ತಿದಳು.

“ಏ ಹಲ್ಲೆವ್ವಾ. ನಾವು ಹೊಂಟೀವಿ, ನೀನೂ ಏಳು ಲಾ. ಹೇಳಲಿಲ್ಲ ಅನಬ್ಯಾಡ.”

ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದ ಮಾಸ್ತರರ ಹೆಂಡತಿಯ ಕೈ ನಿಂತಿತು. ಅವರು ಅಲ್ಲೇ ನೆಲದ ಮೇಲೆ ಕೂತರು.

“ಇದು ಯಾರ ಮಾತು ಗೊತ್ತೈತೇನವಾ?”

“ಸಿನಿಮಾ ಅಜ್ಜಿದು. ಬಟ್ ಅವಳು ರಿಯಲ್ ಆಗಿ ಹೇಳಿಲ್ಲ ಆಂಟಿ.”

“ಹೇಳ್ಯಾಳ. ನನ್ನ ಅತ್ತಿ ಹೇಳ್ಯಾಳ. ನಾನ ಅಲ್ಲಿದ್ನಲ್ಲ.”

ಓಣಿ ಬಿಡುವ ದಿನ ಅತ್ತೆಗೆ ಸಹಾಯ ಮಾಡಲು ಇವರೊಬ್ಬರೇ ಸಿಂಗಪುರದಿಂದ ಊರಿಗೆ ಹೋಗಿದ್ದರಂತೆ. ಮಾಸ್ತರರಿಗೆ ರಜೆ ಸಿಕ್ಕಿರಲಿಲ್ಲ. ಸೆಲೆಟಾರ್‌ನಲ್ಲಿ ವಿಮಾನಗಳು ಸಾಲುಗಟ್ಟಿ ನಿಂತಿದ್ದವು. ಟ್ರ್ಯಾಕ್ಟರಿಗೆ ಸಾಮಾನು ಏರಿಸಿದ ಮೇಲೆ ಅತ್ತೆ ಮತ್ತೆ ಒಳಗೆ ಹೋದರು. ಖಾಲಿ ಮನೆಯ ಒಂದೊಂದು ಕೋಣೆಯ ಗೋಡೆಯನ್ನೂ ತಟ್ಟಿ, ಹಲ್ಲಿಗೆ, ಇರುವೆಗೆ, ಜಂತಿಯ ಗುಬ್ಬಿಗೆ ಹೇಳಿ ಬಂದರು.

“ನಾ ಇಲ್ಲಿಗೆ ಬಂದು ಇವರ ಮುಂದ ಹೇಳಿದ್ನಿ. ಈ ಕಿವಿಗೆ ಬಾಯಿ ಹಚ್ಚಿ ನಾಕ್ ಸಲ ಹೇಳಿಸ್ಕೊಂಡ್ರು” ಎಂದು ತಮ್ಮ ಬಲಗಿವಿ ಮುಟ್ಟಿ ತೋರಿಸಿದರು. “ಆಕೀನೂ ವರ್ಷ ತುಂಬೂದ್ರಾಗ ಹೋದ್ಳು. ಆ ಮಾತು ಇವರ ಬಾಯಾಗ ಉಳದಿತ್ತು.”

ಹಲ್ಲಿ ಕಿಟಕಿಯ ಸಂದಿಯಿಂದ ಹೊರಗೆ ಹೋಯಿತು. ಮಗಳು ನನ್ನನ್ನು ನೋಡಿದಳು.

ಇದೆಲ್ಲ ಆಗಿ ಬಹಳ ವರ್ಷಗಳಾದವು. ಮರುದಿನವೇ ಬರಬೇಕಾಗಿದ್ದದ್ದು ಈಗ ಬರುತ್ತಿದೆ. ಹೌಗಾಂಗ್‌ನ ಫ್ಲ್ಯಾಟೊಂದರಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಹತ್ತು ಮಕ್ಕಳ ಎದುರಿಗೆ, ಮುದುಕಿ ಹಾಗೆ ಹೇಳಿಲ್ಲ ಎಂದು ನಾನು ಹೇಳಿದ್ದೆ. ಅದು ತಪ್ಪು. ಮುದುಕಿ ಹಾಗೆಯೇ ಹೇಳಿದ್ದಳು. ತಪ್ಪಿಗೆ ವಿಷಾದಿಸುತ್ತೇನೆ.