ಸುಮ್ಮನಾದ ಎಂಜಿನ್ನು, ಎತ್ವ ಇಲ್ಲದ ಹಲಗೆ

ಗುಡ್ನಾಪುರದ ಕೆರೆಗೆ ಮೊದಲು ಹರಿಗೋಲು ಇಳಿಸಿದವರು ಕಲ್ಲಯ್ಯನ ಮುತ್ತಜ್ಜ ಗುರುಪಾದಯ್ಯ. ಹೆಣ್ಣು ನೋಡಲು ಹೊರಟ ಹನ್ನೊಂದು ಜನರನ್ನು ಒಂದೇ ಸಲಕ್ಕೆ ಆಚೆ ದಡ ಮುಟ್ಟಿಸಿ, ವರನನ್ನು ಮಾತ್ರ ಈಚೆ ದಡದಲ್ಲೇ ಮರೆತದ್ದು ಅವರ ದೊಡ್ಡ ಸಾಹಸ. ಅಜ್ಜ ಚನ್ನಬಸಯ್ಯ ಹರಿಗೋಲು ಬಿಟ್ಟು ಹಲಗೆಯ ದೋಣಿ ಕಟ್ಟಿಸಿದರು. ಅಪ್ಪ ಮಹಾಂತಯ್ಯ ಕಾರವಾರದಲ್ಲಿ ಒಡೆಯಲು ಹಾಕಿದ್ದ ಲಾಂಚಿನಿಂದ ಪೆಟ್ರೋಲ್ ಎಂಜಿನ್ ಬಿಚ್ಚಿಸಿ, ಲಾರಿಯಲ್ಲಿ ಘಟ್ಟ ಹತ್ತಿಸಿ ತಂದು ಆ ದೋಣಿಗೆ ಕೂರಿಸಿದರು. ಎಂಜಿನ್ನಿನ ನೆತ್ತಿಯ ಮುಚ್ಚಳಕ್ಕೆ ಮೂರು ಬೆರಳು ವಿಭೂತಿ ಎಳೆದು, "ಇದನ್ನ ಯಾರೂ ಎತ್ತಬಾರದು" ಎಂದು ಹೇಳಿ ಕಣ್ಣು ಮುಚ್ಚಿದರು.

ಕಲ್ಲಯ್ಯ ಎತ್ತಲಿಲ್ಲ. ಅಮಾವಾಸ್ಯೆಗೊಮ್ಮೆ ವಿಭೂತಿ ಹಚ್ಚುತ್ತಾ, ಹತ್ತು ಮನೆಯವರನ್ನು ಆಚೆ ದಡದ ಗದ್ದೆಗೆ ದಾಟಿಸುತ್ತಾ ಅರವತ್ತೆಂಟು ವರ್ಷಕ್ಕೆ ಬಂದ. ಮೊದಲೆಲ್ಲ ಎಂಜಿನ್ ಟಕಟಕ ಎಂದು ದಡದ ಬೆಳ್ಳಕ್ಕಿಗಳನ್ನೆಲ್ಲ ಎಬ್ಬಿಸುತ್ತಿತ್ತು. ಎರಡು ವರ್ಷದ ಹಿಂದೆ ಕೆರೆ ಸುತ್ತುವ ದಾರಿ ಕುಸಿದು, ದೋಣಿಗೆ ತುಂಬು ಹೊರೆ ಬಿದ್ದ ಮೇಲೆ ಆ ಸದ್ದು ಮೆಲ್ಲಗೆ ಅಡಗುತ್ತಾ ಬಂತು. ಕಲ್ಲಯ್ಯನಿಗೆ ಹಿಗ್ಗು.

"ನೋಡು ಸಾವಿತ್ರವ್ವ, ವಯಸ್ಸಾದಂಗ ಎಂಜಿನ್ನಿಗೂ ಬುದ್ಧಿ ಬಂದೈತಿ. ಹೆಂಗ ಸುಮ್ಮನಾಗೇತಿ," ಎಂದು ಹೆಂಡತಿಯನ್ನು ಕೆಣಕಿದ.

"ನಿಮಗಂತೂ ಬರಲಿಲ್ಲ, ಅದಕ್ಕಾದ್ರೂ ಬರ್ಲಿ ಬಿಡ್ರಿ," ಎಂದಳು ಸಾವಿತ್ರವ್ವ.

ಬುದ್ಧಿ ಬಂದ ಎಂಜಿನ್ ಬೆಳಿಗ್ಗೆ ಚಾಲೂ ಆಗಲು ಮುನಿಸು ತೋರಿಸತೊಡಗಿತು. ಆಮೇಲೆ ಒಂದೇ ವಾರದಲ್ಲಿ ಮೂರು ಸಲ ನಡುನೀರಿನಲ್ಲಿ ನಿಂತಿತು. ಮೂರನೆಯ ಸಲ ಜನ ಹುಲ್ಲಿನ ಹೊರೆಗಳ ಮೇಲೆ ಕೂತಲ್ಲೇ ತೀರ್ಮಾನ ಮಾಡಿ ಮುಗಿಸಿದರು: ಸೋಮವಾರದೊಳಗೆ ಸರಿಯಾಗದಿದ್ದರೆ ಹೊಸ ಎಂಜಿನ್ ತರುವುದು, ಮಹಾಂತಯ್ಯನವರದ್ದು ಗುಜರಿಗೆ.

ಕಲ್ಲಯ್ಯ ತಡಮಾಡಲಿಲ್ಲ. ಶಿರಸಿಯಿಂದ ಶಾಂತಾರಾಮನನ್ನು ಕರೆಸಿದ. ಕಾರವಾರದ ಬೋಟುಗಳಲ್ಲಿ ಇಪ್ಪತ್ತು ವರ್ಷ ಪಾನಾ ಹಿಡಿದು ಪಳಗಿದ ಮೇಸ್ತ್ರಿ ಆತ. ಹ್ಯಾಂಡಲ್ ತಿರುಗಿಸಿ ಕಿವಿಗೊಟ್ಟ.

"ಎಂತ ಮಾರಾಯ್ರೆ, ಟ್ಯಾಪೆಟ್ಟಿನ ಟಕಟಕ ಸದ್ದೇ ಇಲ್ಲ. ಇದು ಮಾತು ಬಿಟ್ಟು ಎಷ್ಟು ದಿನ ಆಯ್ತು?"

"ಎರಡು ವರ್ಷ. ನಾನೇ ಪಳಗಿಸೀನಿ."

"ಪಳಗಿಸಿದ್ದಲ್ಲ, ಉಸಿರು ಕಟ್ಟಿಸಿದ್ದು. ಮುಚ್ಚಳ ತೆಗೀಬೇಕು."

ಕಲ್ಲಯ್ಯ ವಿಭೂತಿಯ ಪಟ್ಟಿ ನೋಡುತ್ತಾ ಕೂತ. "ಗುಜರಿಯವ ವಿಭೂತಿ ನೋಡಿ ಕೈಮುಗಿದು ಹೋಗ್ತಾನೇನ್ರಿ?" ಎಂದಳು ಸಾವಿತ್ರವ್ವ. ಕಲ್ಲಯ್ಯ ತಾನೇ ಕೈಮುಗಿದು ಮುಚ್ಚಳ ಎತ್ತಿದ.

ಒಳಗೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಕಾಗದ ತೂರುವಷ್ಟು ಸಂದು ಇರಬೇಕು; ತೋಳು ಆ ಸಂದು ದಾಟಿ ಬಡಿದಾಗಲೇ ಟಕಟಕ ಸದ್ದು. ಶಾಂತಾರಾಮ ತೆಳ್ಳನೆಯ ಅಳತೆಪಟ್ಟಿ ತೂರಿಸಲು ನೋಡಿದ, ಹೋಗಲಿಲ್ಲ.

"ಹಿಂದೆ ಪೆಟ್ರೋಲಿಗೆ ಚೂರು ಸೀಸ ಬೆರೆಸ್ತಿದ್ರು. ವಾಲ್ವ್ ಕೂರುವ ಜಾಗಕ್ಕೆ ಅದೇ ಮೆತ್ತೆ. ಈಗಿನದ್ರಲ್ಲಿ ಸೀಸ ಇಲ್ಲ. ತುಂಬು ಹೊರೆ ಬಿದ್ದಾಗ ಹಳೇ ಕಬ್ಬಿಣ ಕಾದು ಸವೀತದೆ, ವಾಲ್ವ್ ಒಳಗೆ ಇಳೀತದೆ, ಸಂದು ಮುಚ್ತದೆ. ಸದ್ದೂ ಹೋಯ್ತು, ಕಸುವೂ ಹೋಯ್ತು. ಪೆಟ್ರೋಲ್ ಪಂಪಿನ ಹಲಗೆಯಲ್ಲಿ ಸೀಸರಹಿತ ಅಂತ ಬರೆದಿತ್ತಲ್ಲ, ಓದ್ಲಿಲ್ವ?"

ಕಲ್ಲಯ್ಯ ಓದಿದ್ದ. ಇಪ್ಪತ್ತೈದು ವರ್ಷದ ಹಿಂದೆ ಆ ಹಲಗೆ ಕಂಡ ದಿನವೇ ಓದಿದ್ದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ ಹಲಗೆಗಳ ತಪ್ಪು ತಿದ್ದುವ ಚಟ ಅವನದು. ಸೀಸೆ ಎಂದು ಬರೆಯುವಲ್ಲಿ ಪೇಂಟರ್ ಎತ್ವ ನುಂಗಿದ್ದಾನೆ, ಸೀಸೆ ತಂದವರಿಗೆ ಪೆಟ್ರೋಲ್ ಇಲ್ಲ ಎಂದರ್ಥ, ಎಂದು ತೀರ್ಮಾನಿಸಿ ಅಂದಿನಿಂದ ತಗಡಿನ ಡಬ್ಬಿಯನ್ನೇ ಒಯ್ಯುತ್ತಿದ್ದ. ಸೀಸೆ ಹಿಡಿದು ನಿಂತವರನ್ನು "ಹಲಗಿ ಓದಾಕ ಬರೂದಿಲ್ಲೇನು?" ಎಂದು ಗದರಿಸಿದ್ದೂ ಉಂಟು.

ಈಗ ಸುಮ್ಮನೆ ಇದ್ದುಬಿಡಬಹುದಿತ್ತು. ಸಾವಿತ್ರವ್ವ ಬಿಡಬೇಕಲ್ಲ. "ಡಬ್ಬಿ ಯಾಕಂತ ಕೇಳ್ರಿ ಇವರನ್ನ," ಎಂದು ಶುರುಮಾಡಿ ಪೂರ್ತಿ ಕಥೆ ಒಪ್ಪಿಸಿದಳು. ಶಾಂತಾರಾಮ ನಕ್ಕು ನಕ್ಕು ದೋಣಿಯ ಅಂಚು ಹಿಡಿದುಕೊಂಡ.

ಶಿರಸಿಯ ಲೇಥಿನಲ್ಲಿ ಸವೆದ ಜಾಗ ಕೊರೆದು ಗಟ್ಟಿ ಉಕ್ಕಿನ ಉಂಗುರ ಕೂರಿಸಿದ್ದಾಯಿತು. ಇನ್ನು ಸೀಸದ ಹಂಗಿಲ್ಲ. ಸೋಮವಾರ ಹತ್ತು ಮನೆಯವರೂ ದಡಕ್ಕೆ ಬಂದು ನಿಂತರು. ಶಾಂತಾರಾಮ ತೋರಿಸಿಕೊಟ್ಟಂತೆ ಸಂದಿನ ಅಳತೆಯನ್ನು ಕಲ್ಲಯ್ಯ ತಾನೇ ಕೂರಿಸಿ, ಹ್ಯಾಂಡಲ್ ತಿರುಗಿಸಿದ. ಟಕಟಕ ಎಂದು ಬೆಳ್ಳಕ್ಕಿಗಳೆಲ್ಲ ಎದ್ದವು. ದೋಣಿ ತುಂಬು ಹೊರೆ ಹೊತ್ತು ಆಚೆ ದಡ ಮುಟ್ಟಿ, ಎಲ್ಲೂ ನಿಲ್ಲದೆ ತಿರುಗಿ ಬಂತು. ಗುಜರಿಯ ಮಾತನ್ನು ಯಾರೂ ಎತ್ತಲಿಲ್ಲ.

"ಸಂದು ಮತ್ತೆ ಬಿಗೀಬಹುದು," ಎಂದ ಶಾಂತಾರಾಮ. "ತಿಂಗಳಿಗೊಮ್ಮೆ ನಾನೇ ಬಂದು ನೋಡಿ ಹೋಗ್ತೆ. ನೀವು ಮುಚ್ಚಳ ಮುಟ್ಟೋದು ಬೇಡ."

ಕಲ್ಲಯ್ಯ ಮುಚ್ಚಳಕ್ಕೆ ಮೂರು ಬೆರಳು ವಿಭೂತಿ ಎಳೆದು, ಕೈಯನ್ನು ಹೆಗಲ ವಸ್ತ್ರಕ್ಕೆ ಒರೆಸಿಕೊಳ್ಳುತ್ತಾ ಹೆಂಡತಿಯ ಕಡೆ ನೋಡಿದ.

"ಬ್ಯಾಡ್ರಿ ಮೇಸ್ತ್ರಿ. ಈಕಿ ಒಂದು ತಾಸು ಸುಮ್ಮನಿದ್ರ ಏನೋ ಕೆಟ್ಟೈತಿ ಅಂತ ನನಗ ತಿಳೀತೈತಿ. ಎಂಜಿನ್ನಿಂದೂ ಇನ್ನ ಹಂಗ ತಿಳೀತೈತಿ. ನೀವು ಉಣ್ಣಾಕ ಬರ್ರಿ, ಮುಚ್ಚಳ ನಾನ ಎತ್ತತೀನಿ."